ಹರಳೆಣ್ಣೆಯ ರಾಕೆಟ್ಟು

ಪಕ್ಕದ ಮನೆಯಲ್ಲಿ ಇವತ್ತು ಬೆಳಿಗ್ಗೆ ಎಣ್ಣೆ ತೆಗೆಯಲು ಹರಳು ಹುರಿಯುತ್ತಿದ್ದರು. ಆ ಜಿಡ್ಡು ವಾಸನೆ ಗೋಡೆ ದಾಟಿ ಬಂದು ನನ್ನ ಕಾಫಿಯ ರುಚಿ ಕೆಡಿಸಿತು. ಹರಳೆಣ್ಣೆ ಎಂದರೆ ನಿಮಗೆ ನೆತ್ತಿಗೆ ತಟ್ಟುವುದೋ ಮಕ್ಕಳ ಹೊಟ್ಟೆ ತೊಳೆಯುವುದೋ ನೆನಪಾಗಬಹುದು. ನನಗೆ ನೆನಪಾಗುವುದು ರಾಕೆಟ್ಟು. ಈಗಲೇ ನಗಬೇಡಿ, ಭಾವನ ಕಥೆ ಕೇಳಿದ ಮೇಲೆ ಬೇಕಾದರೆ ನಗಿ.

ಅಕ್ಕ ನಾಗಮ್ಮನ ಗಂಡ ಶಿವಮಲ್ಲಪ್ಪ ಎಪ್ಪತ್ತರ ದಶಕದಲ್ಲಿ ದೂರದ ಕಡಲ ತೀರದ ಕಾರ್ಖಾನೆಯೊಂದರಲ್ಲಿದ್ದರು. ರಾಕೆಟ್ಟಿನ ಇಂಧನ ತಯಾರಿಸುವ ಕೆಲಸ. ನಾನು ತಾಳವಾಡಿಯ ಶಾಲೆಯಲ್ಲಿ ವಿಜ್ಞಾನದ ಟೀಚರು. ಊದಿದ ಬೆಲೂನು ಬಿಟ್ಟು ತೋರಿಸಿ, ಮಕ್ಕಳು ಚಪ್ಪಾಳೆ ತಟ್ಟಿದರೆ ರಾಕೆಟ್ಟನ್ನೇ ಹಾರಿಸಿದವಳಂತೆ ಬೀಗುತ್ತಿದ್ದೆ. ನಿಜವಾದ ರಾಕೆಟ್ಟಿನೊಳಗೆ ಏನು ತುಂಬುತ್ತಾರೆ, ಯಾರು ತುಂಬುತ್ತಾರೆ ಎಂದು ಕೇಳುವ ಬುದ್ಧಿ ಮಾತ್ರ ಬಂದಿರಲಿಲ್ಲ.

ಭಾವನ ಕಾರ್ಖಾನೆಯಲ್ಲಿ ಒಂದು ಮಧ್ಯಾಹ್ನ ಇಂಧನದ ಕೊಳವೆ ಸೋರಿ ಕೆಂಪು ವಿಷದ ಹೊಗೆ ಎದ್ದಿತಂತೆ. ಭಾವನ ಜೊತೆಗಾರ ಅಲ್ಲೇ ತೀರಿಕೊಂಡ. ಅವನನ್ನು ಎಳೆದು ತರಲು ಹೋದ ಭಾವನ ಶ್ವಾಸಕೋಶ ಸುಟ್ಟಿತು. ಆಸ್ಪತ್ರೆಯಿಂದ ನೇರ ತಮ್ಮ ಊರು ಜೀರಹಳ್ಳಿಗೆ ಬಂದರು. ಗಟ್ಟಿ ದನಿಯ ಮನುಷ್ಯ, ಎರಡು ಮಾತಾಡಿದರೆ ಕಂಬ ಹಿಡಿದು ನಿಲ್ಲುವಂತಾಗಿದ್ದರು.

ಆದರೂ ಸುಮ್ಮನೆ ಕೂರಲಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಹರಳಿನ ಎಣ್ಣೆ ಕಾಯಿಸಿ, ಏನೇನೋ ಬೆರೆಸಿ, ರಬ್ಬರಿನಂಥ ಗಟ್ಟಿ ಇಂಧನ ಮಾಡಬಹುದು. ಅದು ಅಗ್ಗ, ಮುಟ್ಟಿದವರನ್ನು ಕೊಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಖಾಲಿ ಕೊಟ್ಟಿಗೆಯಲ್ಲಿ ಒಲೆ ಹೂಡಿದರು. ನೋವಿನ ಎಣ್ಣೆ ಕಾಯಿಸುತ್ತಿದ್ದಾರೆಂದು ತಿಳಿದ ಊರವರು ಮಂಡಿ ಹಿಡಿದುಕೊಂಡು ಬರುತ್ತಿದ್ದರು. ಭಾವ ಬೇಸರಿಸದೆ ಒಂದಿಷ್ಟು ಕೊಟ್ಟು ಕಳಿಸುವರು. ಗುಣವಾಯಿತು ಎಂದವರೂ ಉಂಟು!

ಹೊಗೆಯ ಹತ್ತಿರ ಸುಳಿಯಲೇಬಾರದು ಎಂದು ಚಾಮರಾಜನಗರದ ಡಾಕ್ಟರು ಎಚ್ಚರಿಸಿದ್ದರು. ಭಾವ ಕೇಳಲಿಲ್ಲ. ಒಂದು ದಿನ ಅವರು ಕೆಮ್ಮಿ ನೆಲಕ್ಕೆ ಕುಸಿದಾಗ ಅಕ್ಕ ಬಿಂದಿಗೆ ನೀರು ತಂದು ಒಲೆಗೆ ಸುರಿದಳು. ಭಾವ ರೇಗಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ ಮೆಲ್ಲಗೆ ಹೇಳಿದರು:

"ಅವ್ನು ಸಾಯೋವಾಗ ನನ್ ಕೈ ಇಡ್ಕಂಡಿದ್ದ ಕಣಮ್ಮಿ. ಆಕಾಸಕ್ಕೆ ಓಗಕ್ಕೆ ಇಸ ಯಾಕೆ ಬೇಕು?"

ಮರುದಿನ ಬೆಳಿಗ್ಗೆ ಅಕ್ಕ ತಾನೇ ಒಲೆ ಹಚ್ಚಿದಳು. ಅಂದಿನಿಂದ ಭಾವ ಹೊರಗೆ ಜಗಲಿಯ ಮೇಲೆ, ಮೂಗಿಗೆ ಟವಲು ಒತ್ತಿಕೊಂಡು ಹೇಳುವುದು. ಅಕ್ಕ ಒಳಗೆ ಕಣ್ಣೀರು ಸುರಿಸಿಕೊಂಡು ಕಲಕುವುದು. ಆ ಕಣ್ಣೀರೆಲ್ಲ ಹೊಗೆಯದೇ ಎಂದು ನಾನು ಹೇಳಲಾರೆ.

ಹೊಲದಾಚೆಯ ಬಂಡೆಗೆ ಕಬ್ಬಿಣದ ಕೊಳವೆ ಬಿಗಿದು, ಅದರಲ್ಲಿ ಇಂಧನ ತುಂಬಿ ಉರಿಸಿ ನೋಡುತ್ತಿದ್ದರು. ಎಷ್ಟೋ ಸಲ ಬರೀ ಮಸಿ ಕಕ್ಕಿ ಆರಿತು. ಎಂಬತ್ತರ ದಶಕ ಶುರುವಾಗಿತ್ತು; ಭಾವನಿಗೆ ಬಂಡೆಯವರೆಗೆ ನಡೆಯಲೂ ಆಗುತ್ತಿರಲಿಲ್ಲ. ಕೊನೆಗೊಂದು ದಿನ ಗಾಡಿಯಲ್ಲಿ ಕೂರಿಸಿ ಕರೆದೊಯ್ದೆವು. ಉದ್ದನೆಯ ಕೋಲಿನ ತುದಿಗೆ ಪಂಜು ಕಟ್ಟಿ ಅಕ್ಕನೇ ಕಿಡಿ ತಾಗಿಸಿದಳು. ಕೊಳವೆ ಮೊರೆಯಿತು. ಜ್ವಾಲೆ ಅಲುಗದೆ, ನೆಟ್ಟಗೆ, ಕೊನೆಯವರೆಗೂ ಉರಿಯಿತು. ಭಾವ ದನಿಯಿಲ್ಲದೆ ನಕ್ಕರು. ಅವರ ನಗುವನ್ನು ನಾನು ನೋಡಿದ್ದು ಅದೇ ಕೊನೆ.

ಸ್ವಲ್ಪ ದಿನಕ್ಕೆ ಹಳೆಯ ಸಹೋದ್ಯೋಗಿಯೊಬ್ಬರು ನೋಡಲು ಬಂದರು. ಇಂಧನದ ತುಂಡನ್ನು ಉಗುರಿನಿಂದ ಒತ್ತಿ ನೋಡಿ, ಚೆನ್ನಾಗಿದೆ ಎಂದರು. ಇಲ್ಲಿಂದ ರಾಕೆಟ್ಟಿನವರೆಗೆ ಹತ್ತಾರು ಜನರ, ಎಷ್ಟೋ ವರ್ಷಗಳ ಕೆಲಸವಿದೆ, ಮೇಲಿನವರಿಗೆ ತೋರಿಸುತ್ತೇನೆ ಎಂದು ಒಯ್ದರು. ಅಲ್ಲಿಂದ ಏನೂ ತಿಳಿದುಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಭಾವ ಹೋದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕುಳಿತೇ ಹೋದರು.

ಅಕ್ಕ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಇವತ್ತು ಸಂಜೆ ಟೀವಿಯಲ್ಲಿ, ವಿಷವಿಲ್ಲದ ಅಗ್ಗದ ಇಂಧನಕ್ಕಾಗಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ, ಪರೀಕ್ಷೆಯೊಂದು ಯಶಸ್ವಿಯಾಗಿದೆ ಎಂದು ಸುದ್ದಿ ಬಂತು. ನಾನು ಹಬ್ಬದ ಸಿಹಿ ಹಂಚುವವಳಂತೆ ಓಡಿ ಹೋಗಿ, ಭಾವ ಹೇಳಿದ್ದು ನಿಜವಾಗುತ್ತಿದೆ ಎಂದೆ.

ಅಕ್ಕ, "ನಿಜ ಆಗ್ದಿದ್ರೂ ಆಯ್ತಿತ್ತು ಕಣವ್ವ. ಇನ್ನೊಂದಷ್ಟು ದಿವ್ಸ ಉಸ್ರಾಡಿದ್ರೆ ಸಾಕಾಗಿತ್ತು" ಎಂದಳು.

ಟೀವಿಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ಹೋಗಿ ಅದನ್ನು ಆರಿಸಿ, ಅಕ್ಕನ ಪಕ್ಕ ಕುಳಿತೆ.