ಏಳನೇ ತರಗತಿ ಗೋಡೆಯ ಎಂಟನೇ ಫೋಟೋ

ಸಾವಿರದ ಒಂಬೈನೂರ ತೊಂಬತ್ತಾರರ ಮಾರ್ಚ್ ಎಂಟರಂದು ತುರುವೇಕೆರೆ ತಾಲ್ಲೂಕು ಮಾಯಸಂದ್ರ ಹೋಬಳಿಯ ಒಂದು ಹಳ್ಳಿ ಶಾಲೆಯಲ್ಲಿ, ಬದುಕಿದ್ದ ಹೆಂಗಸೊಬ್ಬರ ಫೋಟೋಗೆ ಹಾರ ಹಾಕಲಾಯಿತು. ಹಾಕಿದವರು ಆರನೇ ತರಗತಿಯ ಇಬ್ಬರು ಹುಡುಗಿಯರು. ಹಾಕಿಸಿದವರು ಮುಖ್ಯೋಪಾಧ್ಯಾಯರು. ಎದುರಿಗೆ ನಿಂತು ಕೈ ಮುಗಿದವರಲ್ಲಿ ನಾನೂ ಒಬ್ಬ.

ಇಷ್ಟು ವರ್ಷಗಳ ಮೇಲೆ ಅದು ನೆನಪಾಗಲು ಕಾರಣ ಮೈದಾಹಿಟ್ಟು. ಮೊನ್ನೆ ನನ್ನ ಹೆಂಡತಿ ಹಳೆಯ ಟ್ರಂಕಿನ ಒಳಮೈಗೆ ಕಾಗದ ಅಂಟಿಸಲೆಂದು ಒಲೆಯ ಮೇಲೆ ಅಂಟು ಕಾಯಿಸುತ್ತಿದ್ದಳು. ನೀರಿಗೆ ಮೈದಾ, ಹುಳು ಹಿಡಿಯದಿರಲೆಂದು ಒಂದು ಚೂರು ಮೈಲುತುತ್ತ. ಕುದಿಯುವಾಗ ಅದಕ್ಕೊಂದು ವಾಸನೆ ಬರುತ್ತದೆ. ಊಟದ್ದೂ ಅಲ್ಲ, ಔಷಧಿಯದ್ದೂ ಅಲ್ಲ. ನೀವು ಸರ್ಕಾರಿ ಶಾಲೆಯಲ್ಲಿ ಓದಿದವರಾದರೆ ನಿಮಗೆ ಗೊತ್ತಿರುತ್ತದೆ. ನಾನು ಸೌಟು ಹಿಡಿದು ನಿಂತವನು ತಿರುಗಿಸುವುದನ್ನೇ ಮರೆತೆ. "ಎಲ್ಲೋದ್ರಿ? ಗಂಟಾಯ್ತಲ್ರೀ," ಎಂದಳು. ಮಾಯಸಂದ್ರದ ಕಡೆ ಹೋಗಿದ್ದೆ ಎಂದು ಹೇಳಿದರೆ ಒಲೆಯ ಮುಂದೆ ಜಗಳವಾಗುತ್ತಿತ್ತು.

ಆಗ ನಾನು ತುರುವೇಕೆರೆಯಲ್ಲಿ ಜಿಲ್ಲಾ ಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ಉಳಿದ ಅರ್ಧ ಕಾಲದಲ್ಲಿ ಏನು ಮಾಡುತ್ತಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ; ಕೇಳಿದ್ದರೆ ಉತ್ತರವೂ ಇರಲಿಲ್ಲ. ಸುದ್ದಿ ಬರೆದು ಲಕೋಟೆಗೆ ಹಾಕಿ ಸಂಜೆಯ ತುಮಕೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಆತ ಲಕೋಟೆ ಮರೆತರೆ ಅವತ್ತು ನಮ್ಮ ತಾಲ್ಲೂಕಿನಲ್ಲಿ ಏನೂ ನಡೆದಿಲ್ಲ ಎಂದರ್ಥ. ಯಾರು, ಎಲ್ಲಿ, ಯಾವಾಗ ಎಂಬುದನ್ನು ಬರೆ, ನಿನಗೇನನ್ನಿಸಿತು ಎಂಬುದನ್ನು ಮನೆಯಲ್ಲಿಟ್ಟು ಬಾ ಎಂದು ಸುದ್ದಿ ಸಂಪಾದಕರು ಹೇಳಿಕೊಟ್ಟಿದ್ದರು. ಈಗಲೂ ಹಾಗೆಯೇ ಬರೆಯಲು ನೋಡುತ್ತಿದ್ದೇನೆ.

ಆ ಶಾಲೆಯ ಏಳನೇ ತರಗತಿಗೆ ನನ್ನ ಅಕ್ಕ ಸರೋಜ ಟೀಚರ್. ಮಹಿಳಾ ದಿನಾಚರಣೆಗೆ ತರಗತಿಯ ಒಂದು ಗೋಡೆಯ ತುಂಬ ಸಾಧಕಿಯರ ಚಿತ್ರ ಇರಬೇಕೆಂದು ಅವಳು ನಿಶ್ಚಯಿಸಿದಳು. ಚಾರ್ಟ್ ತರಲು ನನ್ನನ್ನೂ ಎಳೆದುಕೊಂಡು ತುರುವೇಕೆರೆಯ ಪುಸ್ತಕದ ಅಂಗಡಿಗೆ ಹೋದಳು. ಅಂಗಡಿಯವನು ಸುರುಳಿಗಳನ್ನೆಲ್ಲ ಬಿಚ್ಚಿ ಹುಡುಕಿದ. "ಹೆಂಗಸ್ರದ್ದೇ ಬೇರೆ ಚಾರ್ಟು ಬರಲ್ಲ ಕಣಮ್ಮ. ಹಣ್ಣಿಂದೈತೆ, ತರಕಾರೀದೈತೆ, ಬೇಕಾದ್ರೆ ಹಾವಿಂದು ತಗೊಂಡೋಗಿ," ಎಂದ.

ಕೊನೆಗೆ ತಂದದ್ದು ರಾಷ್ಟ್ರನಾಯಕರ ಚಾರ್ಟು. ಅದರ ಮೂಲೆಯಲ್ಲೆಲ್ಲೋ ಇದ್ದ ಇಬ್ಬರು ಹೆಂಗಸರನ್ನು ಮಕ್ಕಳು ಕತ್ತರಿಯಿಂದ ಬಿಡಿಸಿಕೊಂಡರು. ವಿಜ್ಞಾನಿಗಳ ಹಳೆಯ ಚಾರ್ಟಿನಿಂದ ಒಬ್ಬರು ಸಿಕ್ಕರು. ಹಳೆಯ ಕ್ಯಾಲೆಂಡರು, ಹರಿದ ಪಠ್ಯಪುಸ್ತಕ, ವಾರಪತ್ರಿಕೆ ಹೀಗೆ ಅಲ್ಲಿ ಇಲ್ಲಿ ಕಿತ್ತು ಒಟ್ಟು ಏಳು ಜನ ಕೂಡಿ, ಅದೇ ಮೈದಾ ಅಂಟಿನಲ್ಲಿ ಗೋಡೆ ಹತ್ತಿದರು. ರಾಷ್ಟ್ರನಾಯಕರನ್ನು ಮುಖ್ಯೋಪಾಧ್ಯಾಯರು ತಮ್ಮ ಕೋಣೆಗೆ ಒಯ್ದು ತೂಗುಹಾಕಿದರು. ಕತ್ತರಿಸಿದ ಎರಡು ಕಿಂಡಿಗಳಲ್ಲಿ ಸುಣ್ಣದ ಗೋಡೆ ಕಾಣುತ್ತಿತ್ತು. "ಏನ್ರಮ್ಮ, ಮಹಾತ್ಮರ ಮಧ್ಯೆ ತೂತು ಮಾಡಿಟ್ರಲ್ಲ," ಎಂದು ಬೇಸರ ಮಾಡಿಕೊಂಡರು. ಅಕ್ಕ, "ಇಷ್ಟು ದಿನ ತೂತು ನಮ್ಮ ಕಡೆ ಇತ್ತು ಸಾರ್," ಎಂದಳಂತೆ. ಇದು ಅವಳೇ ಹೇಳಿದ್ದು. ಎರಡನೇ ಮೂಲದಿಂದ ಖಚಿತಪಡಿಸಿಕೊಂಡಿಲ್ಲ.

ಮಕ್ಕಳಿಗೆ ಆ ಏಳು ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಯಾರ ಕೈಯಲ್ಲಿ ಏನಿದೆಯೋ ಅದೇ ಅವರ ಗುರುತು. ಕತ್ತಿಯವರು, ಒನಕೆಯವರು, ದೀಪದವರು, ಗಾಜಿನ ಬುಡ್ಡಿಯವರು. ಕೈ ಕಟ್ಟಿ ನಿಂತಿದ್ದ ಒಬ್ಬರಿಗೆ ಮಾತ್ರ ಏನೂ ಇರಲಿಲ್ಲ. ಅವರನ್ನು "ಸುಮ್ನಿರೋರು" ಎಂದು ಕರೆಯುತ್ತಿದ್ದರು. ನಾನು ಬಹಳ ಸಭೆಗಳ ವರದಿ ಮಾಡಿದ್ದೇನೆ. ವೇದಿಕೆಯ ಮೇಲಿನವರನ್ನು ಇದಕ್ಕಿಂತ ಚೆನ್ನಾಗಿ ಗುರುತಿಸುವ ಕ್ರಮವನ್ನು ನಾನು ಕಂಡಿಲ್ಲ.

ಗೋಡೆಯಲ್ಲಿ ಎಂಟನೆಯವರಿಗೆ ಜಾಗ ಉಳಿಯಿತು. ನಮ್ಮ ಕಡೆಯವರು ಯಾರಾದರೂ ಇದ್ದರೆ ಹೇಳಿ ಎಂದು ಅಕ್ಕ ಕೇಳಿದಳು. ಸಿನಿಮಾ ನಟಿಯರ ಹೆಸರು ಬಂದವು. ಗದ್ದಲ ತಗ್ಗಿದ ಮೇಲೆ ಭಾರತಿ ಎಂಬ ಹುಡುಗಿ ಎದ್ದು, "ನಮ್ಮೂರ ಅಧ್ಯಕ್ಷರು ಹೆಂಗಸಲ್ವಾ ಮಿಸ್?" ಎಂದಳು.

"ಅಧ್ಯಕ್ಷರು ರಂಗಸ್ವಾಮಣ್ಣ ಕಣೇ," ಎಂದ ಹಿಂದಿನ ಬೆಂಚಿನವನು.

"ಅಲ್ಲ ಕಣ್ಲಾ. ಓಟು ಹಾಕಿದ್ದು ಪುಟ್ಟಲಕ್ಷ್ಮಕ್ಕಂಗೆ. ನಮ್ಮವ್ವನೂ ಹಾಕೈತೆ."

"ಹಾಕಿದ್ರೇನೀಗ? ಮೀಟಿಂಗ್‌ಗೆ ಯಾರೇ ಹೋಗೋದು?"

ತರಗತಿ ಎರಡು ಪಾಲಾಯಿತು. ಇಬ್ಬರು ಹೇಳಿದ್ದೂ ನಿಜವೇ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಬಂದು ಹೆಚ್ಚು ದಿನವಾಗಿರಲಿಲ್ಲ. ಗೆದ್ದು ಅಧ್ಯಕ್ಷೆಯಾದವರು ಪುಟ್ಟಲಕ್ಷ್ಮಮ್ಮ. ಆದರೆ ಊರಲ್ಲಿ 'ಅಧ್ಯಕ್ಷರು' ಎಂದರೆ ಅವರ ಗಂಡ ರಂಗಸ್ವಾಮಣ್ಣ. ಪುಟ್ಟಲಕ್ಷ್ಮಮ್ಮನವರನ್ನು ಜನ 'ಅಧ್ಯಕ್ಷರ ಮನೆಯವರು' ಎನ್ನುತ್ತಿದ್ದರು. ಸಭೆ ನಡೆಸುವುದು, ಬಸ್‌ಸ್ಟ್ಯಾಂಡಿನಲ್ಲಿ ಅರ್ಜಿ ತೆಗೆದುಕೊಳ್ಳುವುದು, ಶಾಲೆಯಲ್ಲಿ ಧ್ವಜ ಹಾರಿಸುವುದು ಎಲ್ಲವೂ ಆತ. ಪಂಚಾಯಿತಿ ಕಾರ್ಯದರ್ಶಿ ಪುಸ್ತಕ ಹಿಡಿದು ಮನೆಗೆ ಹೋದರೆ ಆಕೆ ಕೊಬ್ಬರಿ ಸುಲಿಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಸುತ್ತಮುತ್ತ ಬೇರೆ ಕಡೆಯೂ ಹೀಗೇ ಇತ್ತು. ನಾನೂ ಆಮಂತ್ರಣ ಪತ್ರಿಕೆಯಲ್ಲಿದ್ದಂತೆ 'ಅಧ್ಯಕ್ಷತೆ: ಶ್ರೀಮತಿ ಪುಟ್ಟಲಕ್ಷ್ಮಮ್ಮ' ಎಂದು ಬರೆದು, ರಂಗಸ್ವಾಮಣ್ಣನ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದು ಬರುತ್ತಿದ್ದೆ.

ಅಕ್ಕ ಫೋಟೋ ಕೇಳಲು ಅವರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ರಂಗಸ್ವಾಮಣ್ಣನಿಗೆ ಸಂತೋಷವೇ ಆಯಿತು. ಗೆದ್ದಾಗ ಸ್ಟುಡಿಯೋದಲ್ಲಿ ತೆಗೆಸಿ ಕಟ್ಟು ಹಾಕಿಸಿದ್ದ ಫೋಟೋವನ್ನು ಗೋಡೆಯಿಂದ ಇಳಿಸಿ, ಟವೆಲಿನಲ್ಲಿ ಒರೆಸಿ ಕೊಟ್ಟ. "ಅವರನ್ನೂ ಅವತ್ತು ಕರ್ಕೊಂಡು ಬನ್ನಿ," ಎಂದಳು ಅಕ್ಕ. "ಅವ್ಳ್ಯಾಕೆ ಟೀಚರಮ್ಮ? ಫೋಟೋ ಬಂದ್ರೆ ಅವ್ಳು ಬಂದಂಗೇ. ನಾನು ಬತ್ತೀನಲ್ಲ," ಎಂದ. ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಯಾರೋ ಅಲುಗಾಡಿಸಿ ನೋಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಕಾಯಿಯೊಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ನೋಡುವ ಕ್ರಮ ಅದು. ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು.

ಆ ಶಾಲೆಯಲ್ಲಿ ಯಾವ ಜಯಂತಿಯಿರಲಿ, ಫೋಟೋ ಎಂದ ಮೇಲೆ ಕುಂಕುಮ, ಹಾರ, ಊದುಬತ್ತಿ, ಒಡೆದ ತೆಂಗಿನಕಾಯಿ. ಕಾಯಿಗೆ ನಮ್ಮಲ್ಲಿ ಬರವಿಲ್ಲ. ಗೋಡೆ ಹತ್ತಿದವರೆಲ್ಲ ತೀರಿಕೊಂಡವರೇ ಎಂಬುದು ಮುಖ್ಯೋಪಾಧ್ಯಾಯರ ಇಡೀ ವೃತ್ತಿಜೀವನದ ಅನುಭವ. ಹಾಗಾಗಿ ಹುಡುಗಿಯರಿಗೆ, "ಒಂದೂ ಬಿಡದೆ ಹಾಕ್ರಮ್ಮ," ಎಂದರು. ಹುಡುಗಿಯರು ಒಂದೂ ಬಿಡಲಿಲ್ಲ. ಕತ್ತಿಯವರಿಗೆ, ದೀಪದವರಿಗೆ, ಸುಮ್ಮನಿರುವವರಿಗೆ, ಕೊನೆಗೆ ಪುಟ್ಟಲಕ್ಷ್ಮಮ್ಮನವರಿಗೆ ಚೆಂಡುಹೂವಿನ ಹಾರ ಬಿತ್ತು. ನಾವು ಸಾಲಾಗಿ ನಿಂತು ಕೈ ಮುಗಿದೆವು. ರಂಗಸ್ವಾಮಣ್ಣನೂ ಚಪ್ಪಲಿ ಬಿಟ್ಟು, ಹೆಂಡತಿಯ ಫೋಟೋಗೆ ಕೈ ಮುಗಿದು, ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತ.

ಯಾರಿಗೂ ಏನೂ ಹೊಳೆಯಲಿಲ್ಲ. ಇದನ್ನು ನಂಬುವುದು ನಿಮಗೆ ಕಷ್ಟ ಎಂದು ಬಲ್ಲೆ. ಈಗ ನನಗೂ ಕಷ್ಟವೇ.

ಹೊಳೆದದ್ದು ಹೊರಗಿನವರಿಗೆ. ಹಸು ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಕಿಟಕಿಯಲ್ಲಿ ಇಣುಕಿ, "ಅಯ್ಯೋ ನಮ್ಮವ್ವಾ, ಪುಟ್ಟಲಕ್ಷ್ಮೀಗೆ ಹಾರ ಹಾಕವ್ರಲ್ಲಪ್ಪೋ!" ಎಂದು ಕೂಗಿ, ನಾವು ಎದ್ದು ಬರುವಷ್ಟರಲ್ಲಿ ಹಸುವನ್ನೂ ಬಿಟ್ಟು ಓಡಿದಳು. ಆಗಷ್ಟೇ ಹೊರಟಿದ್ದ ಬಸ್ಸಿನಲ್ಲಿ ಸುದ್ದಿ ಮಾಯಸಂದ್ರ ಸೇರಿತು. ನನ್ನ ಲಕೋಟೆಗಳಿಗಿಂತ ಅದು ಬೇಗ ಹೋಯಿತು. ಮಾಯಸಂದ್ರದಲ್ಲಿ ಪುಟ್ಟಲಕ್ಷ್ಮಮ್ಮನವರ ಅಣ್ಣ ಕೃಷ್ಣಪ್ಪನ ಸೈಕಲ್ ಅಂಗಡಿ ಇತ್ತು.

ಒಳಗೆ ನಾವು ತಪ್ಪನ್ನು ಹೇಗೆ ಸರಿಪಡಿಸುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಹಾಕಿದ ಹಾರವನ್ನು ತೆಗೆಯುವುದು ಇನ್ನೂ ಕೆಟ್ಟದ್ದು ಎಂದು ಒಬ್ಬ ಮೇಷ್ಟ್ರು. ಸಭೆ ಮುಗಿಯಲಿ, ಆಮೇಲೆ ನೋಡೋಣ ಎಂದು ಇನ್ನೊಬ್ಬರು. ಕೊನೆಗೆ ಮುಖ್ಯೋಪಾಧ್ಯಾಯರು ಭಾಷಣ ಶುರು ಮಾಡಿಬಿಟ್ಟರು. ಅವರು ವೇದಕಾಲದ ಸ್ತ್ರೀಯರಿಂದ ಮುಂದಕ್ಕೆ ಬರುವ ಮೊದಲೇ ಕೃಷ್ಣಪ್ಪ ಸ್ಕೂಟರಿನಲ್ಲಿ ಬಂದಿಳಿದ. ಕೈಯೆಲ್ಲ ಗ್ರೀಸು. ನೆಟ್ಟಗೆ ಒಳಗೆ ಬಂದು ಫೋಟೋ ನೋಡಿದ, ಆಮೇಲೆ ಕುರ್ಚಿಯಲ್ಲಿದ್ದ ರಂಗಸ್ವಾಮಣ್ಣನನ್ನು ನೋಡಿದ.

"ಯಾವಾಗ್ ಹೋಯ್ತು ನಮ್ಮುಡುಗಿ? ನಮಗೊಂದು ಮಾತು ಹೇಳ್ಬಾರ್ದೇನಯ್ಯಾ?"

"ಎಲ್ಲಿಗ್ ಹೋಯ್ತು? ಭಾವ, ಅವ್ಳು ಮನೇಲವ್ಳೆ. ಕೊಬ್ರಿ ಸುಲಿಸ್ತಾವ್ಳೆ."

"ಹೆಂಡ್ತಿಗೆ ಹಾರ ಹಾಕ್ಸಿ, ಅವ್ಳ ಕುರ್ಚೀಲಿ ಕುಂತ್ಕೊಂಡು, ಮನೇಲವ್ಳೆ ಅಂತೀಯಾ! ಇದ್ರೆ ತೋರ್ಸು. ಇಲ್ಲಿಗೇ ಕರ್ಕೊಂಬಾ. ಕಣ್ಣಾರೆ ನೋಡೋಗಂಟ ನಾನಿಲ್ಲಿಂದ ಕದಲಾಕಿಲ್ಲ."

ರಂಗಸ್ವಾಮಣ್ಣ ಎದ್ದು ಹೋದ. ಅಲ್ಲಿಯವರೆಗೆ ಹೆಂಡತಿಯನ್ನು ಒಂದು ಸಭೆಗೂ ಕರೆತರದವನು ಅವತ್ತು ಅವಸರ ಅವಸರವಾಗಿ ಕರೆತಂದ. ಅವರ ಹಿಂದೆ ಪಂಚಾಯಿತಿ ಕಾರ್ಯದರ್ಶಿಯೂ ಸೇರಿ ಅರ್ಧ ಊರು ಬಂತು. ಪುಟ್ಟಲಕ್ಷ್ಮಮ್ಮನವರಿಗೆ ಮೂವತ್ತೈದರ ಆಸುಪಾಸು. ಕೂದಲಿನಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿತ್ತು. ಅಣ್ಣ ತಂಗಿಯ ಕೈ ಹಿಡಿದುಕೊಂಡು ಅತ್ತುಬಿಟ್ಟ. ಗ್ರೀಸು ಆಕೆಯ ಬಳೆಗೆಲ್ಲ ಹತ್ತಿತು. "ಸುಮ್ಕಿರಣ್ಣ, ಏನೂ ಆಗಿಲ್ಲ ಬುಡು," ಎಂದು ಆಕೆಯೇ ಸಮಾಧಾನ ಮಾಡಬೇಕಾಯಿತು. ಮುಖ್ಯೋಪಾಧ್ಯಾಯರು ಕೈ ಮುಗಿದು, "ಏನೂ ತಿಳ್ಕೋಬೇಡಿ ತಾಯಿ, ಅಭ್ಯಾಸಬಲ," ಎಂದರು.

ಆಕೆ ಗೋಡೆಯ ಹತ್ತಿರ ಹೋಗಿ ಎಂಟೂ ಚಿತ್ರಗಳನ್ನು ನೋಡಿದರು.

"ಟೀಚರಮ್ಮ, ಇವ್ರೆಲ್ಲ ಯಾರು?"

ಅಕ್ಕ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಮಾತು ಹೇಳಿದಳು. ಕೋಟೆ ಕಾದವರು, ಶತ್ರುವಿನೊಡನೆ ಕಾದಾಡಿದವರು, ಗಾಯಾಳುಗಳ ಆರೈಕೆ ಮಾಡಿದವರು.

"ಇವ್ರಲ್ಲಿ ಬದುಕಿರೋರು?"

"ನೀವೊಬ್ರೇ ಅಕ್ಕ."

"ಇವ್ರು ಇಷ್ಟೆಲ್ಲ ಮಾಡವ್ರೆ. ನಾನೇನು ಮಾಡೀನಿ ಅಂತ ಹಾಕಿದ್ರಿ?"

ಅಕ್ಕ ಮಕ್ಕಳ ಕಡೆ ತಿರುಗಿದಳು. ಮುಂದಿನ ಸಾಲಿನಿಂದ ಭಾರತಿಯೇ, "ನೀವು ಅಧ್ಯಕ್ಷರಲ್ವಾ ಅಕ್ಕ, ಅದಕ್ಕೆ," ಎಂದಳು. ಯಾರೋ ನಕ್ಕರು. ಪುಟ್ಟಲಕ್ಷ್ಮಮ್ಮ ನಗಲಿಲ್ಲ. ಕೈ ಎತ್ತಿ ತಮ್ಮ ಫೋಟೋದ ಹಾರವನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು. ಹಣೆಯ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದರು, ಫೋಟೋದ ಹಣೆಯದ್ದನ್ನು. ಮನೆಗೆ ಹೊರಡುತ್ತಾರೆ ಎಂದುಕೊಂಡು ಜನ ದಾರಿ ಬಿಟ್ಟರು. ಆಕೆ ಹೊರಡಲಿಲ್ಲ. ಗಂಡ ಎದ್ದುಹೋಗಿದ್ದರಿಂದ ಖಾಲಿಯಾಗಿದ್ದ ಕುರ್ಚಿಯಲ್ಲಿ ಕೂತರು. ರಂಗಸ್ವಾಮಣ್ಣ ಇನ್ನೊಂದು ಕುರ್ಚಿಗಾಗಿ ಅತ್ತಿತ್ತ ನೋಡಿದ. ಇರಲಿಲ್ಲ. ಬಾಗಿಲ ಬಳಿ ನಿಂತುಕೊಂಡ.

ಮಾತಾಡಿ ಎಂದರು ಮುಖ್ಯೋಪಾಧ್ಯಾಯರು. ಆಕೆ ಎದ್ದು ಹೇಳಿದ್ದು ಇಷ್ಟೇ, ನಾನು ಅಲ್ಲೇ ಬರೆದುಕೊಂಡೆ: "ನಾನು ಬದುಕಿದ್ದೀನಾ ಅಂತ ನೋಡಾಕೆ ಎಲ್ರೂ ಬಂದ್ರಿ. ನೋಡಿದ್ರಲ್ಲ. ಕಾರ್ಯದರ್ಶಿಗಳೇ, ಮುಂದಿನ ಮೀಟಿಂಗ್ ಯಾವತ್ತು ಅಂತ ನಂಗೇ ಹೇಳಿ."

ಕಾರ್ಯದರ್ಶಿ ಬಾಗಿಲ ಕಡೆ ನೋಡಿದರು. ಆಮೇಲೆ ಆಕೆಯ ಕಡೆ ತಿರುಗಿ ಹೇಳಿದರು.

ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು. 'ಅಧ್ಯಕ್ಷತೆ ವಹಿಸಿದ್ದರು' ಎಂಬ ನನ್ನ ಹಳೆಯ ವಾಕ್ಯ ಅವತ್ತು ಮೊದಲ ಸಲ ನಿಜವಾಗಿತ್ತು. ಓದಿದವರಿಗೆ ಅದು ಗೊತ್ತಾಗುವಂತಿರಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಸುದ್ದಿಯೇನೂ ಇರದಿದ್ದರೂ ಮುಂದಿನ ಸಭೆಗೆ ಬಸ್ಸು ಹತ್ತಿದೆ. ಆಕೆ ಬಂದಿದ್ದರು. ಹಿಂದಿನ ನಡವಳಿಯನ್ನು ಗಟ್ಟಿಯಾಗಿ ಓದಿ ಎಂದರು, ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದರು. ಮೇಲಿನ ಬೀದಿಯ ಕೆಟ್ಟ ಬೋರ್‌ವೆಲ್ ರಿಪೇರಿಗೆ ತೀರ್ಮಾನವಾಯಿತು. ರಂಗಸ್ವಾಮಣ್ಣ ಜಗಲಿಯ ಬೆಂಚಿನ ಮೇಲೆ ಕೂತು, ತನಗೆ ಒಪ್ಪಿಗೆಯಾಗದ ಮಾತು ಬಂದಾಗಲೆಲ್ಲ ಕೆಮ್ಮುತ್ತಿದ್ದ. "ಬಿಸಿನೀರು ಕುಡೀರಿ," ಎಂದು ಒಳಗಿನಿಂದಲೇ ಆಕೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಕತೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಅದರ ಮುಂದಿನ ಸಭೆಗೂ ಆಕೆ ಬಂದರು. ಆಮೇಲೆ ಅತ್ತೆ ಹಾಸಿಗೆ ಹಿಡಿದರು, ಕೊಬ್ಬರಿ ಸುಲಿಸುವ ಕಾಲವೂ ಮತ್ತೆ ಬಂತು. ಒಂದು ಸಭೆ ತಪ್ಪಿತು, ಇನ್ನೊಂದು ತಪ್ಪಿತು. ಪುಸ್ತಕ ಮತ್ತೆ ಮನೆಗೆ ಹೋಗತೊಡಗಿತು. ನಡುವೆ ಯಾವಾಗಲಾದರೊಮ್ಮೆ ಬರುತ್ತಿದ್ದರು. ಬಂದ ದಿನ ಕಾರ್ಯದರ್ಶಿ ನೆಟ್ಟಗೆ ಕೂರುತ್ತಿದ್ದರು. ಅಷ್ಟರಲ್ಲಿ ಅವಧಿ ಮುಗಿಯಿತು. ಮುಂದಿನ ಚುನಾವಣೆಗೆ ಅವರ ಕ್ಷೇತ್ರ ಬೇರೆಯವರಿಗೆ ಮೀಸಲಾಯಿತು. ನಾನೂ ತುಮಕೂರಿಗೆ ಬಂದು ಡೆಸ್ಕಿನಲ್ಲಿ ಕೂತು, ಬೇರೆಯವರು ಕಳಿಸುವ 'ಅಧ್ಯಕ್ಷತೆ ವಹಿಸಿದ್ದರು' ತಿದ್ದತೊಡಗಿದೆ. ಅಲ್ಲಿ ನಿಜಕ್ಕೂ ಕೂತಿದ್ದವರು ಯಾರು ಎಂದು ನಮ್ಮ ವರದಿಗಾರರಿಗೆ ಫೋನ್ ಮಾಡಿ ಕೇಳುವ ಒಂದು ಚಟ ನನಗಿದೆ. ಅವರಿಗೆ ಅದು ಕಿರಿಕಿರಿ.

ಟ್ರಂಕಿಗೆ ಕಾಗದ ಅಂಟಿಸಿ ಮುಗಿದ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳೀಗ ತಿಪಟೂರಿನ ಶಾಲೆಯೊಂದರಲ್ಲಿದ್ದಾಳೆ. ಹಳೆಯ ಊರಿನ ನಂಟು ಬಿಟ್ಟಿಲ್ಲ. ಈ ಬಾರಿಯ ಗ್ರಾಮ ಪಂಚಾಯಿತಿ ಚುನಾವಣೆಗೆ ಆ ಕ್ಷೇತ್ರ ಸಾಮಾನ್ಯವಾಗಿದೆ, ಗಂಡಸರೂ ನಿಲ್ಲಬಹುದು ಎಂದಳು. ರಂಗಸ್ವಾಮಣ್ಣ ಶುಕ್ರವಾರ ಬೆಳಿಗ್ಗೆ ನಾಮಪತ್ರ ಸಲ್ಲಿಸಿದ್ದಾನೆ.

"ಅವರು?" ಎಂದೆ.

"ಅದೇ ಹೇಳಾಕೆ ಬಂದೆ ಕಣೋ. ಮಧ್ಯಾಹ್ನ ಅವರಣ್ಣ ಕೃಷ್ಣಪ್ಪನ ಸ್ಕೂಟರಿನಲ್ಲಿ ಹೋಗಿ ಅವರೂ ಹಾಕಿ ಬಂದವ್ರೆ. ಅದೇ ಕ್ಷೇತ್ರಕ್ಕೆ."

ನಾಮಪತ್ರ ವಾಪಸ್ ಪಡೆಯಲು ಸೋಮವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶವಿದೆ. ಭಾನುವಾರ ರಾತ್ರಿ ನಾನಿದನ್ನು ಬರೆಯುವ ಹೊತ್ತಿಗೆ ಇಬ್ಬರಲ್ಲಿ ಯಾರೂ ವಾಪಸ್ ಪಡೆದಿಲ್ಲ.