ಅಕ್ಕೋರು ಆಡಿಸದ ಪಂದ್ಯ

ಮೊನ್ನೆ ಹಳಿಯಾಳದಿಂದ ದಾಂಡೇಲಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಕಾಲಿನಿಂದ ಸುಣ್ಣ ಬೆಲ್ಲದ ಪಟ್ಟಿನ ವಾಸನೆ ಬರುತ್ತಿತ್ತು. ಕಾಲು ಉಳುಕಿತ್ತಂತೆ. ಅಂಬೇವಾಡಿಯಲ್ಲಿ ಇಳಿದು ಮನೆ ಸೇರಿದರೂ ಆ ವಾಸನೆ ನನ್ನನ್ನು ಬಿಡಲಿಲ್ಲ. ಅದರ ಜೊತೆ ನಮ್ಮ ಅಕ್ಕೋರೂ ಬಿಡಲಿಲ್ಲ...

ಅಕ್ಕೋರು ಹಳಿಯಾಳದ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ನಾವು ಹುಡುಗಿಯರು ಖೋ ಖೋ ಆಡಲು ತುದಿಗಾಲಲ್ಲಿ ನಿಂತಿದ್ದರೆ ಅವರು ಮೊದಲು ನೆಲ ನೋಡುತ್ತಿದ್ದರು. ಮಳೆಗಾಲದಲ್ಲಿ ಗೌಳಿಗರ ಎಮ್ಮೆಗಳು ನಮ್ಮ ಮೈದಾನ ದಾಟಿಯೇ ಮೇಯಲು ಹೋಗುತ್ತಿದ್ದವು. ಬಿಸಿಲು ಬಿದ್ದ ಮೇಲೆ ಗೊರಸಿನ ಗುಳಿಗಳು ಹಾಗೆಯೇ ಗಟ್ಟಿಯಾಗಿ ಉಳಿಯುತ್ತಿದ್ದವು. ನಾವೆಲ್ಲ ಸಾಲಾಗಿ ಬರಿಗಾಲಲ್ಲಿ ನಡೆದು, ಗುಳಿ ಸಿಕ್ಕಲ್ಲಿ ಮಣ್ಣು ತುಂಬಿ ತುಳಿಯಬೇಕು. ಆಮೇಲೆ ಹಿಮ್ಮಡಿಯ ಮೇಲೆ ನಡಿಗೆ, ಪಾದ ತಿರುಗಿಸುವುದು, ಒಂಟಿಕಾಲಲ್ಲಿ ನಿಲ್ಲುವುದು. ಆಟ ಶುರುವಾಗುವ ಹೊತ್ತಿಗೆ ಅರ್ಧ ಉತ್ಸಾಹ ಇಳಿದಿರುತ್ತಿತ್ತು. ಕಟ್ಟೆಯ ಮೇಲೆ ಕುಳಿತ ಗಂಡಸರು, "ಅಕ್ಕೋರು ಆಟ ಕಲಸ್ತಾರೋ, ಅಂಗಳ ಸಾರಸ್ತಾರೋ?" ಎಂದು ನಗುತ್ತಿದ್ದರು. ಮುಂದಿನ ವರ್ಷಕ್ಕೂ ಬರಲಿ ಎಂದು ಅಪ್ಪಂದಿರು ಒಂದು ನಂಬರ್ ದೊಡ್ಡ ಬೂಟು ತಂದು, ಮುಂದೆ ಅರಿವೆ ತುರುಕಿ ಹಾಕಿ ಕಳಿಸಿದರೆ, ಅಕ್ಕೋರು ಅದನ್ನು ಬಿಚ್ಚಿಸಿ ಮನೆಗೆ ವಾಪಸ್ ಕಳಿಸುತ್ತಿದ್ದರು. ಊರಲ್ಲಿ ಅವರನ್ನು ಮೆಚ್ಚಿಕೊಂಡವರು ಕಡಿಮೆ.

ನಾನು ಹತ್ತನೇ ತರಗತಿಯಲ್ಲಿದ್ದೆ. ಮುಂಡಗೋಡದಲ್ಲಿ ನಡೆಯುವ ಪಂದ್ಯಕ್ಕೆ ಕ್ರೀಡಾ ಹಾಸ್ಟೆಲ್ಲಿಗೆ ಹುಡುಗಿಯರನ್ನು ಆರಿಸುವವರು ಬರುವವರಿದ್ದರು. ಆರಿಸಿದರೆ ಓದು, ಊಟ, ಆಟ ಎಲ್ಲ ಅಲ್ಲೇ. ಇಲ್ಲದಿದ್ದರೆ ಹೈಸ್ಕೂಲಿನ ಜೊತೆ ನನ್ನ ಆಟವೂ ಮುಗಿದಂತೆ. ಪಂದ್ಯ ಹತ್ತಿರ ಬಂದಾಗಲೇ ಖೋ ಖೋ ಕಂಬ ಹಿಡಿದು ತಿರುಗುವಾಗ ನನ್ನ ಬಲಗಾಲು ಮಡಚಿ ಉಳುಕಿತು. ಅವ್ವ ನನ್ನನ್ನು ಉಳುಕಿದ ಕಾಲು ಎಳೆದು ಕೂರಿಸುವ ಅಜ್ಜನ ಹತ್ತಿರ ಕರೆದೊಯ್ದಳು. ಅಜ್ಜ ಪಾದ ಹಿಡಿದು ಲಟಕ್ಕೆಂದು ಎಳೆದು, "ಕುಂತಿತು ನೋಡವ್ವಾ" ಎಂದ. ನಮ್ಮ ಕಡೆ ಲಟಕ್ ಅಂದರೆ ಮುಗಿಯಿತು, ಕಾಲು ಗುಣವಾದಂತೆ. ಸುಣ್ಣ ಬೆಲ್ಲದ ಪಟ್ಟು ಹಾಕಿದ ಮೇಲೆ ಬಾವು ಇಳಿಯಿತು. ನಾನು ಹೊಲದಲ್ಲಿ ಓಡಿಯೂ ನೋಡಿದೆ.

ಮುಂಡಗೋಡದಲ್ಲಿ ಟೆಂಪೋದಿಂದ ಇಳಿಯುತ್ತಿದ್ದಂತೆ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು.

"ಬಲಗಾಲ ಮ್ಯಾಲ ನಿಂದ್ರು. ಕಣ್ಣ ಮುಚ್ಚು."

ನಿಂತೆ. ಹಿಮ್ಮಡಿ ಗಡಗಡ ನಡುಗಿತು, ಎಡಗಾಲು ತಾನಾಗಿ ನೆಲಕ್ಕೆ ಬಂತು. ಇನ್ನೊಮ್ಮೆ ಅಂದರು. ಮತ್ತೆ ಹಾಗೆಯೇ ಆಯಿತು. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಕೂಗಿದರು. ಅಪ್ಪ ಓಡಿಬಂದ.

"ಆಕೀ ಕಾಲು ಛಲೋ ಐತ್ರೀ ಅಕ್ಕೋರ. ನಿನ್ನೆ ಹೊಲದಾಗ ಓಡ್ಯಾಳ."

"ನೆಟ್ಟಗ ಓಡೂದು ಬ್ಯಾರೆ ರೀ. ಕಂಬ ತಿರುಗೂದು ಬ್ಯಾರೆ."

ಹೆಡ್ ಮಾಸ್ತರರೂ ಬಂದರು. ಪಟ್ಟಿ ಬಿಗಿದು ಸ್ವಲ್ಪ ಹೊತ್ತಾದರೂ ಇಳಿಸಿ ಎಂದರು. ಮೈಕು ಇನ್ನೊಮ್ಮೆ ಕೂಗಿತು. "ನನಗ ಏನೂ ನೋವಿಲ್ರೀ ಅಕ್ಕೋರ" ಎಂದು ಅವರ ಕೈ ಹಿಡಿದು ಅತ್ತೆ.

"ನೋವಿಲ್ಲ ಅನ್ನೂದು ಖರೇನ ಇರಬೇಕು" ಎಂದರು. "ಆದ್ರ ನಿನ್ನ ಕಾಲಿಗೆ ಇನ್ನೂ ನೆಲ ಸಿಗವಲ್ದು." ಆಮೇಲೆ ಹೆಡ್ ಮಾಸ್ತರರ ಕಡೆ ತಿರುಗಿ, "ನಂಗೂ ಹಿಂಗ ಪಟ್ಟಿ ಬಿಗದು ಇಳಿಸಿದ್ರು, ಸರ್. ಗೆದ್ವಿ. ಅವತ್ತಿಂದ ಹಿಂಗ ನಡೀತೇನಿ" ಎಂದರು.

ನನ್ನ ಬದಲು ಬೇರೆ ಹುಡುಗಿ ಇಳಿದಳು. ನಾನು ಗೆರೆಯ ಹೊರಗೆ ಕುಳಿತು, ಅವಳು ಕಂಬ ತಿರುಗುವಾಗಲೆಲ್ಲ ಅವಳು ಜಾರಲಿ, ನನ್ನನ್ನು ಕರೆಯಲಿ ಎಂದು ಕಾಯುತ್ತಿದ್ದೆ. ಕರೆಯಲಿಲ್ಲ. ನಾವು ಸ್ವಲ್ಪದರಲ್ಲೇ ಸೋತೆವು. ಹಾಸ್ಟೆಲ್ಲಿಗೆ ನಮ್ಮ ತಂಡದ ಇಬ್ಬರು ಆಯ್ಕೆಯಾದರು. ಟೆಂಪೋದಲ್ಲಿ ಅಪ್ಪ ಅಕ್ಕೋರ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಈಗ ನಾನು ಜೊಯಿಡಾ ಕಡೆಯ ಕಾಡಿನಲ್ಲಿ ಗಾರ್ಡ್. ದಿನವೂ ಏರು, ಇಳಿಜಾರು, ಹಳ್ಳದ ಜಾರುಗಲ್ಲು. ಕಾಲು ಒಮ್ಮೆಯೂ ಕೈಕೊಟ್ಟಿಲ್ಲ. ಅಕ್ಕೋರ ಪುಣ್ಯ ಎಂದು ಅವ್ವ ಹೇಳುತ್ತಾಳೆ. ಇರಬಹುದು. ಆದರೆ ಅಂದು ಆಡಿದ್ದರೂ ಕಾಲು ಹೀಗೆಯೇ ಇರುತ್ತಿತ್ತೇನೋ... ಆಗದೇ ಹೋದ ಪೆಟ್ಟಿಗೆ ಸಾಕ್ಷಿ ಯಾರು? ಈ ಪ್ರಶ್ನೆ ನನ್ನನ್ನು ಎಷ್ಟು ಕಾಡಿತೆಂದರೆ, ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾಗ ನೋಡಲು ಹೋದವಳು ಆರೋಗ್ಯ ವಿಚಾರಿಸುವುದನ್ನೂ ಬಿಟ್ಟು ಇದನ್ನೇ ಕೇಳಿದೆ.

"ಅಕ್ಕೋರ, ಅವತ್ತ ಆಡಿದ್ರ ನನ್ನ ಕಾಲು ಖರೇನ ಹೋಗ್ತಿತ್ತೇನ್ರಿ?"

ಅವರು ನನ್ನ ಬಲಗಾಲಿನ ಕಡೆ ನೋಡಿದರು.

"ಗೊತ್ತಿಲ್ಲವ್ವಾ. ಅವತ್ತೂ ಗೊತ್ತಿರಲಿಲ್ಲ. ಹೋಗ್ತಿರಲಿಲ್ಲೇನೊ. ಹಾಸ್ಟೆಲ್ಲೂ ಸಿಗ್ತಿತ್ತೇನೊ."

ಹೌದು, ಹೋಗುತ್ತಿತ್ತು ಎಂದು ಒಂದು ಮಾತು ಅಂದಿದ್ದರೆ ನನ್ನ ಇಷ್ಟು ವರ್ಷದ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಸುಳ್ಳಾದರೂ ಸಾಕಿತ್ತು. ಅಷ್ಟು ಜನರೆದುರು ಅಷ್ಟು ಗಟ್ಟಿಯಾಗಿ ನಿಂತವರು ಗೊತ್ತಿಲ್ಲದೆಯೇ ನಿಂತಿದ್ದರೆಂದು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು, ಅಳುವೂ ಬಂತು. ಬರ್ತೇನ್ರಿ ಎಂದು ಎದ್ದು ಬಂದೆ. ಮತ್ತೆ ಹೋದಾಗ ಕುಳಿತು ಚೆನ್ನಾಗಿ ಜಗಳ ಆಡಬೇಕು ಎಂದುಕೊಂಡಿದ್ದೆ. ಈ ಮಳೆಗಾಲ ಶುರುವಾಗುವ ಮೊದಲೇ ಅಕ್ಕೋರು ತೀರಿಕೊಂಡರು.