ಅಂಬುಜಮ್ಮನವರ ಸ್ಕೂಲ್ ವ್ಯಾನು

ನಿವೃತ್ತರಾದ ಮೇಲೆ ಅಂಬುಜಮ್ಮನವರ ಮೈ ಉರಿಸುತ್ತಿದ್ದ ಮಾತು ಒಂದೇ: "ಇನ್ನೇನು, ಆರಾಮಾಗಿ ಇದ್ಬಿಡಿ." ಇನ್ಶೂರೆನ್ಸ್ ಆಫೀಸಿನವರು ಹಾರ ಹಾಕಿ ಅದನ್ನೇ ಹೇಳಿದರು. ಮಗ ಕಶ್ಯಪ್ ಅದನ್ನೇ ಹೇಳಿದ. ಹಲಸೂರು ಕೆರೆಯ ಹತ್ತಿರ ವಾಕಿಂಗಿಗೆ ಬರುವ ಹೆಂಗಸರೂ ಅದನ್ನೇ ಹೇಳಿದರು. ಗಂಡ ಶ್ರೀಕಂಠಯ್ಯನವರ ಕಾಯಿಲೆ ಪಿ.ಎಫ್. ಹಣವನ್ನೆಲ್ಲ ನುಂಗಿ ಕೊನೆಗೆ ಅವರನ್ನೂ ಕರೆದುಕೊಂಡು ಹೋಗಿತ್ತು. ಪೆನ್ಷನ್ ಮನೆಖರ್ಚಿಗೆ ಸರಿಹೋಗುತ್ತಿತ್ತು. ಅದರಾಚೆ ಒಂದು ಹಲ್ಲು ಕಟ್ಟಿಸಬೇಕಾದರೂ ಮಗನ ಮುಖ ನೋಡಬೇಕು. ಆ ನೋಟವೇ ಅವರಿಗೆ ಆಗದು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವರು ಶಿವಾಜಿನಗರದ ಗ್ಯಾರೇಜಿನ ಚಾಂದ್ ಪಾಷಾ ಅವರಿಂದ ಒಂದು ಹಳೆಯ ಮಾರುತಿ ವ್ಯಾನು ಕೊಂಡರು. ಓಡಿಸುವುದನ್ನು ಕಲಿಸಿದವರೂ ಅವರೇ. ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ವ್ಯಾನು ಕೆಮ್ಮಿ ಕೆಮ್ಮಿ ನಿಂತಾಗಲೆಲ್ಲ, "ಕೋಪ ಕ್ಲಚ್ ಮೇಲೆ ತೋರಿಸ್ಬೇಡಿ ಅಮ್ಮಾ, ಗಾಡಿ ಏನ್ ಮಾಡ್ತು ಪಾಪ?" ಎನ್ನುತ್ತಿದ್ದರು.

ಲೈಸೆನ್ಸು ಕೈಗೆ ಬಂತು. ಇಂದಿರಾನಗರ, ಹಲಸೂರುಗಳ ಮಕ್ಕಳನ್ನು ಫ್ರೇಜರ್ ಟೌನಿನ ಕಾನ್ವೆಂಟಿಗೆ ಬಿಟ್ಟು ಕರೆತರುವ ಕೆಲಸ ಶುರುವಾಯಿತು. ಮಹಡಿ ಮೇಲೆ ಸಂಸಾರ ಹೂಡಿದ್ದ ಕಶ್ಯಪನ ಮಗಳು ಶರ್ವಾಣಿ ಮುಂದಿನ ಸೀಟಿನಲ್ಲಿ ಕೂತು ಉಳಿದವರ ಮೇಲೆ ದರ್ಬಾರು ಮಾಡುತ್ತಿದ್ದಳು. ಮಧ್ಯಾಹ್ನದ ಗದ್ದಲಕ್ಕೆ ಕಿವಿ ತೂತು ಬೀಳುತ್ತಿತ್ತು. ಆದರೂ ಕುಣಿಕೆಯಿಂದ ಬಿಡಿಸಿಕೊಂಡಂತೆ ಅಂಬುಜಮ್ಮನವರಿಗೆ ಉಸಿರು ಸಲೀಸಾಗಿತ್ತು.

ಮರುವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆಯಿತು. ಒಬ್ಬೊಬ್ಬರಾಗಿ ಮಕ್ಕಳು ಬರುವುದು ನಿಂತಿತು. ಒಬ್ಬರು ಅಣ್ಣನ ಜೊತೆ ಕಳಿಸುತ್ತೇವೆ ಎಂದರು, ಇನ್ನೊಬ್ಬರು ಆಟೋ ಗೊತ್ತು ಮಾಡಿದ್ದೇವೆ ಎಂದರು. ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಹಲಸೂರಿನ ಆದಿಲಕ್ಷ್ಮಿ, ಅವಳಿ ಮಕ್ಕಳ ತಾಯಿ, ತನ್ನ ಮನೆಯ ಗೇಟಿನ ಹತ್ತಿರ ತಡವರಿಸುತ್ತ ಬಾಯಿಬಿಟ್ಟಳು.

"ನಿಮ್ಮ ಮಗಾನೇ ಫೋನ್ ಮಾಡಿದ್ರಲ್ಲಮ್ಮಾ. ನಿಮಗೆ ಕಣ್ಣಲ್ಲಿ ಪೊರೆ ಬಂದಿದೆ, ಡಾಕ್ಟ್ರು ಓಡಿಸ್ಬೇಡಿ ಅಂದ್ರೂ ಹಟ ಮಾಡ್ತಿದ್ದೀರ ಅಂತ. ನಾವು ಹೆತ್ತೋರು, ಹೆದರ್ಕೊಂಡ್ವಿ."

ಅಂಬುಜಮ್ಮನವರ ಕಣ್ಣಲ್ಲಿ ಪೊರೆಯೂ ಇರಲಿಲ್ಲ, ಅವರು ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಮನೆಯವರೆಗೆ ಹೇಗೆ ಬಂದರೋ ಅವರಿಗೇ ತಿಳಿಯದು.

ಸಂಜೆ ಕಶ್ಯಪ್ ಬ್ಯಾಂಕಿನಿಂದ ಬಂದು ಶೂ ಬಿಚ್ಚುತ್ತಿದ್ದ. ಅವರು ಮಹಡಿ ಹತ್ತಿ ಬಾಗಿಲಲ್ಲಿ ನಿಂತರು.

"ನನಗೆ ಕಣ್ಣು ಕಾಣಲ್ವೇನೋ?"

ಅವನ ಮುಖ ಬಿಳಿಚಿಕೊಂಡಿತು. "ಅಮ್ಮಾ, ನನ್ನ ಕಷ್ಟಾನೂ ಅರ್ಥ ಮಾಡ್ಕೋ. ನಮ್ಮ ಮ್ಯಾನೇಜರ್ ಮಗ ನಿನ್ನ ವ್ಯಾನಲ್ಲೇ ಹೋಗ್ತಿದ್ದ. ಬ್ರಾಂಚಲ್ಲಿ ಎಲ್ಲರ ಮುಂದೆ 'ನಮ್ಮ ಡ್ರೈವರಮ್ಮನ ಮಗ' ಅಂತ ನಕ್ರು. ನಾನು ಹೇಗೆ ತಲೆ ಎತ್ಲಿ?"

"ಅದಕ್ಕೆ ಕುರುಡಿ ಮಾಡಿಬಿಟ್ಯಾ?" ಅಂಬುಜಮ್ಮನವರ ದನಿ ಬೀದಿಗೆ ಕೇಳಿಸುವಂತಿತ್ತು. "ಊರಿಗೆಲ್ಲಾ ಕಣ್ಣು ಕಾಣಲ್ಲ ಅಂದ್ಯಲ್ಲ, ಇವತ್ತು ಬೆಳಗ್ಗೆ ನಿನ್ನ ಮಗಳನ್ನ ಯಾವ ಧೈರ್ಯದ ಮೇಲೆ ನನ್ನ ಪಕ್ಕ ಕೂರಿಸ್ದೆ?"

ಸೊಸೆ ಅಡುಗೆಮನೆಯಿಂದ ಬಂದು ಗಂಡನನ್ನೇ ದಿಟ್ಟಿಸಿದಳು. ಅವಳಿಗೂ ಈ ವಿಷಯ ಆಗಲೇ ಗೊತ್ತಾದದ್ದು. ಕಶ್ಯಪ್ ಬಿಚ್ಚಿದ ಶೂಗಳನ್ನು ಗೋಡೆಯ ಬದಿಗೆ ಸರಿಸಿದ.

"ಸಾರಿ ಅಮ್ಮಾ."

"ನನಗ್ಯಾಕೆ ಸಾರಿ? ಯಾರ್ಯಾರಿಗೆ ಫೋನ್ ಮಾಡಿದ್ಯೋ ಅವರಿಗೆ ಹೇಳು. ಶೂ ಹಾಕ್ಕೋ."

ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮನೆಮನೆಗೂ ಹೋದರು. ಮೊದಲ ಮನೆಯಲ್ಲಿ ಅವನು, "ಸ್ವಲ್ಪ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿತ್ತು" ಎಂದು ಶುರುಮಾಡಿದ. ಅಂಬುಜಮ್ಮನವರು ಅಲ್ಲೇ ತಡೆದರು. "ಕನ್ನಡದಲ್ಲಿ ಹೇಳು. ಸುಳ್ಳು ಹೇಳ್ದೆ ಅನ್ನು." ಅವನು ನೆಲ ನೋಡುತ್ತ ಹಾಗೇ ಅಂದ. ಕೊನೆಗೆ ಮ್ಯಾನೇಜರರ ಮನೆ ಬಂತು. ಇಲ್ಲಿ ಮಾತ್ರ ಇಳಿಯಲಾರೆ ಎಂದು ಕಶ್ಯಪ್ ಕೈಮುಗಿದು ಬೇಡಿಕೊಂಡ. ಅವರು ಎಂಜಿನ್ ಆರಿಸಿ ಸುಮ್ಮನೆ ಕಾದರು. ಅವನು ಇಳಿದ.

ಮ್ಯಾನೇಜರ್ ತಮ್ಮ ಮಗನನ್ನು ಮತ್ತೆ ಕಳಿಸಲಿಲ್ಲ. ಆದಿಲಕ್ಷ್ಮಿಯ ಅವಳಿಗಳು ಮರುದಿನವೇ ಬಂದರು, ಇನ್ನೆರಡು ಮನೆಯವರು ತಿಂಗಳಾದ ಮೇಲೆ ಮನಸ್ಸು ಮಾಡಿದರು. ಉಳಿದವರಿಗೆ ಅನುಮಾನ ಹೋಗಲೇ ಇಲ್ಲ. ಅವರನ್ನು ದೂರುವುದಾದರೂ ಹೇಗೆ ಎಂದುಕೊಂಡಾಗಲೆಲ್ಲ ಅಂಬುಜಮ್ಮನವರ ಸಿಟ್ಟು ತಿರುಗಿ ಮಗನ ಮೇಲೇ ಬಂದು ನಿಲ್ಲುತ್ತಿತ್ತು. ಖಾಲಿ ಸೀಟುಗಳಿಗೆ ಕಗ್ಗದಾಸಪುರದ ಹೊಸ ಬಡಾವಣೆಗಳಿಂದ ಮಕ್ಕಳು ಸಿಕ್ಕರು. ಮಳೆಗಾಲದಲ್ಲಿ ಅಲ್ಲಿ ಚಕ್ರ ಹೂತುಹೋಗುವಷ್ಟು ಕೆಸರು. ಬೈದುಕೊಂಡೇ ಓಡಿಸಿದರು.

ಮಗನಿಗೆ ಊಟ ಬಡಿಸುತ್ತಿದ್ದರು, ಜ್ವರ ಬಂದರೆ ಕಷಾಯ ಕುದಿಸಿ ಕೊಡುತ್ತಿದ್ದರು. ಕ್ಷಮಿಸಿದೆ ಎಂದು ಮಾತ್ರ ಯಾವತ್ತೂ ಅನ್ನಲಿಲ್ಲ. ಅವನೂ ವ್ಯಾನು ಓಡಿಸೋದು ಸಾಕು ಮಾಡು ಎನ್ನುವ ಧೈರ್ಯ ಮಾಡಲಿಲ್ಲ. ಎರಡು ಸಾವಿರದ ಏಳರಲ್ಲಿ ಮಂಡಿನೋವು ತಡೆಯಲಾಗದಾದಾಗ ವ್ಯಾನನ್ನು ಅವರೇ ಮಾರಿದರು. ಕಶ್ಯಪನಿಗೆ ಅದು ಗೊತ್ತಾದದ್ದು ಗೇಟಿನ ಮುಂದೆ ಜಾಗ ಖಾಲಿಯಿದ್ದದ್ದನ್ನು ನೋಡಿ.